ಆರು ಗಂಟೆ ಎರಡು ನಿಮಿಷಕ್ಕೆ

ರೇಡಿಯೋದವನಿಗೆ ನನ್ನ ಮಗನ ಹೆಸರು ನಾಲಿಗೆಗೆ ಹೊರಳುವುದಿಲ್ಲ.
ಎಲ್ಕಾನಾ ಅನ್ನಲು ಅಲ್ಕೋನಾ ಅನ್ನುತ್ತಾನೆ,
ಒಮ್ಮೆ ಅಲಬಾಮಾ ಅಂದಂತೆಯೂ ಕೇಳಿಸಿತು.
ಇರಲಿ. ಉಸಿರು ಕಟ್ಟಿ ಕೂಗುವಾಗ
ಯಾವ ಹೆಸರು ತಾನೇ ನೆಟ್ಟಗಿರುತ್ತದೆ.

ಆಟ ಮೂರೂವರೆಗೆ ಶುರುವಾಗಬೇಕಿತ್ತು.
ಅದಕ್ಕೆಂದೇ ಕೋಚ್ ನಾಲ್ಕು ಕಾಗದ ಬರೆದು
ಶನಿವಾರದ ಸೆಮಿಫೈನಲ್ಲನ್ನು
ಶುಕ್ರವಾರಕ್ಕೆ ಎಳೆದು ತಂದಿದ್ದರು.
ಅಂಕಣದ ಮೇಲಿನ ಎರಡು ದೀಪ ಸುಟ್ಟುಹೋಗಿ,
ಏಣಿ ತರುವವನು ಊಟಕ್ಕೆ ಹೋಗಿ,
ನಾಲ್ಕೂಮುಕ್ಕಾಲು.
ಸಿನ್ಸಿನಾಟಿಯ ಸೂರ್ಯ ನಮ್ಮವನಿಗಿಂತ ನಿಧಾನಿ,
ಅಲ್ಲಿ ಮುಳುಗಲು ಇನ್ನೂ ಒಂದು ಗೇಣು ಬಾಕಿ.
ಕ್ಲೀವ್‌ಲ್ಯಾಂಡಿನ ನನ್ನ ಅಡುಗೆಮನೆಗೆ ಆ ಗೇಣಿಲ್ಲ.

ಬೀನ್ಸು, ಬಾರ್ಲಿ, ಮೂಳೆ ಹಾಕಿದ ಪಾತ್ರೆ ಸಣ್ಣ ಉರಿಯ ಮೇಲೆ.
ಜಡೆ ಹೆಣೆದ ರೊಟ್ಟಿಗೆ ಬಟ್ಟೆ ಮುಚ್ಚಿದ್ದೇನೆ.
ಸಬ್ಬತ್ ಹೊಸ್ತಿಲಲ್ಲಿ ನಿಂತು ಕಾಲೊರೆಸುತ್ತಿದೆ.
ಒಂದು ಕೈಯಲ್ಲಿ ಬೆಂಕಿಪೊಟ್ಟಣ,
ಇನ್ನೊಂದು ರೇಡಿಯೋದ ಕಿವಿಯ ಮೇಲೆ.
ಒಂದು ಅಂಕ ಹಿಂದೆ. ನಾಲ್ಕು ಸೆಕೆಂಡು.
ಅಲ್ಕೋನಾ ತಿರುಗಿದ, ನೆಗೆದ, ಚೆಂಡು ಬಿಟ್ಟ

ಆರು ಗಂಟೆ ಎರಡು ನಿಮಿಷ.
ಕಿವಿ ಹಿಂಡಿದೆ.
ಕಡ್ಡಿ ಗೀರಿದೆ.
ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಹೇಳುವಾಗ
ರೆಪ್ಪೆಯೊಳಗೆ ಕಿತ್ತಳೆ ಬಣ್ಣದ ಒಂದು ಗುಂಡು
ಮೇಲೇರಿ, ಅಲ್ಲೇ ನಿಂತಿತು.

ಆ ರಾತ್ರಿ ಊಟಕ್ಕೆ ಕೂತವರು ನಾಲ್ವರು, ಐದನೆಯದು ಚೆಂಡು.
ಹರ್ಷೆಲ್ ಸಾರಿಗೆ ಎರಡು ಸಲ ಉಪ್ಪು ಹಾಕಿಕೊಂಡು
ಎರಡು ಸಲವೂ ಚೆನ್ನಾಗಿದೆ ಅಂದ.
ದೇವರಿಗಾದರೂ ಗೊತ್ತಿರುತ್ತಲ್ಲ, ಅಂದಳು ತ್ಸಿಪೋರಾ, ಏಳು ವರ್ಷ.
ಮಾವ ಗಡ್ಡ ಕೆರೆದರು.
ಎಂಬತ್ತೊಂದರಲ್ಲೂ ವಾದವೆಂದರೆ ಅವರಿಗೆ ಹೊಸ ಹಲ್ಲು ಬರುತ್ತದೆ:
"ದೀಪ ಹಚ್ಚಿದ್ದು ಶುಕ್ರವಾರ, ಉರಿಯುವುದು ಶನಿವಾರ. ತಪ್ಪೇ? ಅಲ್ಲ.
ಪಾತ್ರೆ ಇಟ್ಟದ್ದು ಇವತ್ತು, ಬೇಯುವುದು ನಾಳೆ. ತಪ್ಪೇ? ಅಲ್ಲ.
ಚೆಂಡೂ ಹಾಗೇ. ಕೈಬಿಟ್ಟಾಗ ಬೆಳಕಿತ್ತೋ? ಸಾಕು.
ಬೀಳುವುದು ಅದರ ಪಾಡು."
"ಬುಟ್ಟಿಗೆ ಬಿತ್ತಾ, ಅಜ್ಜ?"
"ಅದು ಬೇರೆ ಅಧ್ಯಾಯ."

ಬೆಳಿಗ್ಗೆ ಬೇಲಿಯಾಚೆ ಲುವೆನಿಯಾ ಪ್ರೂಯಿಟ್ ಹಿಮ ಗೋರುತ್ತಿದ್ದಳು.
ಭಾನುವಾರ ಚರ್ಚಿನಲ್ಲಿ ಹಾಡುವ ಕಂಚಿನ ಕಂಠ.
ನಿನ್ನೆ ಅವಳ ರೇಡಿಯೋ ಆರಲಿಲ್ಲ,
ಅವಳ ಕಿಟಕಿಯಿಂದ ಒಂದು ಕೂಗು ಬಂದಿತ್ತು,
ಸಂತೋಷವೋ ಸಂಕಟವೋ, ಅವಳಿಗೆ ಎರಡಕ್ಕೂ ಒಂದೇ ರಾಗ.
ಬಾಯಿ ತೆರೆದಳು.
ಕೈಯೆತ್ತಿ ತಡೆದೆ.
ನನ್ನನ್ನು ನೋಡಿದಳು, ಆಕಾಶ ನೋಡಿದಳು,
ತುಟಿ ಮಡಿಸಿ ಒಳಗಿಟ್ಟುಕೊಂಡು
ನಮ್ಮ ಮೆಟ್ಟಿಲ ಹಿಮವನ್ನೂ ಗೋರಿ ಹೋದಳು.
ಗೆದ್ದವರ ಮೆಟ್ಟಿಲೆಂದೋ, ಸೋತವರದೆಂದೋ?
ಕಾಫಿ ಆರುವವರೆಗೂ
ಸಲಿಕೆಯ ಗೀರು ಓದುತ್ತ ನಿಂತೆ.

"ಕೇಳಿದರೆ ತಪ್ಪೇನಿಲ್ಲ," ಹಿಂದಿನಿಂದ ಮಾವ.
ಗೊತ್ತು, ಮಾವ. ತಪ್ಪೆಂದು ತಡೆದದ್ದಲ್ಲ.
ಹದಿನೇಳು ವರ್ಷ ಆ ಹುಡುಗ
ಗೆಲುವೋ ಸೋಲೋ ಆಗಿಯೇ ಮನೆಗೆ ಬಂದಿದ್ದಾನೆ:
ಅಂಕಪಟ್ಟಿ, ಕೆತ್ತಿದ ಮೊಣಕಾಲು, ಮುರಿದ ಕನ್ನಡಕ.
ಈ ಒಂದು ದಿನ
ಅವನು ಬರೀ ನೆಗೆದಿದ್ದಾನೆ.

ಸಂಜೆ ಸರೋವರದ ಮೋಡದಲ್ಲಿ ಎರಡೇ ನಕ್ಷತ್ರ.
ಮೂರನೆಯದಕ್ಕಾಗಿ ತ್ಸಿಪೋರಾ
ಕೋಟಿಲ್ಲದೆ ಅಂಗಳದಲ್ಲಿ ಕತ್ತೆತ್ತಿ ನಿಂತಳು.
ಕಂಡಿತು.
ಲವಂಗದ ಡಬ್ಬಿ ಮೂಸಿದೆವು.
ಹೆಣೆದ ಮೇಣದಬತ್ತಿ ವೈನಿನಲ್ಲಿ ಚುಂಯ್ ಅಂದಿತು.
ಎಲ್ಲರೂ ಫೋನಿನ ಕಡೆ ನೋಡಿದರು.
ನಾನು ಲೋಟ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಕೊನೆಗೆ ಅದೇ ಬಡಿದುಕೊಂಡಿತು.
"ಊಟ ಆಯ್ತೇನೋ?"
"ಅಮ್ಮಾ, ರೇಡಿಯೋ ಎಲ್ಲಿ ಆರಿಸಿದೆ?"
"ಚೆಂಡು ಗಾಳಿಯಲ್ಲಿತ್ತು."
ಆ ಕಡೆ ಬಹಳ ಹೊತ್ತು ಬರೀ ಉಸಿರು,
ಅದರ ಹಿಂದೆ ಹುಡುಗರ ಗದ್ದಲ, ಹಾಡೋ ಜಗಳವೋ.
"ಹಾಗಾದರೆ ಅಲ್ಲಿಂದಲೇ ಹೇಳ್ತೀನಿ," ಅಂದ.

ಸ್ಟೂಲು ಎಳೆದುಕೊಂಡೆ.
ಒದ್ದೆ ಕೈ ಒರೆಸಲಿಲ್ಲ.